ಚುರಮರಿಯ ಮೇಲೆ ಕೂತ ಹಪ್ಪಳ

ತೊಂಬತ್ತರ ದಶಕದ ಒಂದು ಯುಗಾದಿ. ಟೂಟಿಂಗ್‌ನ ಬಾಡಿಗೆ ಹಾಲ್‌ನಲ್ಲಿ ಇಂಗ್ಲಿಷರ ನಾಡಿಗೆ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಸೇರುವ ಕೂಟಕ್ಕೆ ನಾನೂ ದೊಡ್ಡಪ್ಪನ ಮಗನೂ ಒಂದು ಗಗನನೌಕೆ ಮಾಡಿದ್ದೆವು. ಅವನು ಸಟನ್‌ನ ಗ್ರಾಮರ್ ಸ್ಕೂಲಿನ ಹುಡುಗ. ನಾನು ಅಂಥ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಸೋತವಳು. ನಮ್ಮ ಮನೆಗಳಲ್ಲಿ ಯಾರ ಬುದ್ಧಿ ಎಷ್ಟೆಂಬುದು ಅಲ್ಲಿಗೇ ತೀರ್ಮಾನವಾಗಿತ್ತು.

ಲೈಬ್ರರಿಯ ಪುಸ್ತಕವೊಂದರಲ್ಲಿ ನಾನು ಓದಿದ್ದೆ: ಮನುಷ್ಯರನ್ನು ಕೂರಿಸುವ ಮೊದಲು ಆರಂಭದ ನೌಕೆಗಳನ್ನು ಕ್ರೇನಿಗೆ ತೂಗುಹಾಕಿ, ನೀರಿಗೂ ನೆಲಕ್ಕೂ ಬೀಳಿಸಿ ನೋಡುತ್ತಿದ್ದರು. ಕವಚ ಉಳಿದರಷ್ಟೇ ಸಾಲದು. ಒಳಗೆ ಕೂತವನ ಬೆನ್ನಿಗೆ ತಲುಪಿದ ಪೆಟ್ಟೆಷ್ಟು ಎಂಬುದಕ್ಕೂ ಉತ್ತರ ಬೇಕು. ಅದಕ್ಕೆಂದೇ ಆಸನದಡಿ, ತಾನು ನುಜ್ಜಾಗಿ ಪೆಟ್ಟನ್ನು ನುಂಗುವ, ಜೇನುಹುಟ್ಟಿನಂಥ ಲೋಹದ ಪದರ. ಆ ಪದರದ ಜಾಗದಲ್ಲಿ ನಾನು ಚುರಮರಿ, ಅಂದರೆ ಮಂಡಕ್ಕಿ, ತುಂಬಿದೆ. ನಮ್ಮ ನೌಕೆಯೆಂದರೆ ದೊಡ್ಡವ್ವನ ಸ್ಟೀಲ್ ಡಬ್ಬಿ; ಅವನು ಅದಕ್ಕೆ ಕಿಟಕಿ ಬರೆದು ಬಾವುಟ ಅಂಟಿಸಿದ.

ಪ್ರಯಾಣಿಕನಾಗಿ ಮೊಟ್ಟೆ ಇಡುವ ಯೋಚನೆಯಿತ್ತು. "ಪೂಜಿ ಆಗೂ ಜಾಗಾದಾಗ ತತ್ತಿ ತರ್ತೀರೇನು?" ಎಂದು ದೊಡ್ಡವ್ವ ಗದರಿದಳು. ಸುಟ್ಟ ಹಪ್ಪಳ ನೌಕೆಯೇರಿತು.

ಬಾಲ್ಕನಿಯಿಂದ ಕೆಳಗೆ ಬಿಟ್ಟೆವು. ಹಪ್ಪಳ ಇಡಿಯಾಗಿ ಹೊರಬಂತು. ಕೂಟದ ಅಧ್ಯಕ್ಷರು ಶಾಲು ತಂದು ಅವನಿಗೊಬ್ಬನಿಗೇ ಹೊದಿಸಿದರು.

ಅದರ ಜರಿ ಅವನ ಹೆಗಲ ಮೇಲೆ ಹೊಳೆದಷ್ಟೂ ನನ್ನ ಒಡಲು ಉರಿಯಿತು. ಹೊಟ್ಟೆಕಿಚ್ಚೇ ಹೌದು. ಆದರೆ ಹೊಟ್ಟೆಕಿಚ್ಚಿನವಳು ಕೇಳಿದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ.

"ಪೆಟ್ಟು ತಡದಿದ್ದು ಯಾವುದು, ನೀನ ಹೇಳು ಅಣ್ಣಾ," ಎಂದೆ.

ಅವನು ಶಾಲು ಸರಿಪಡಿಸಿಕೊಂಡ. "ಇಟ್ ವಾಸ್ ಟೀಮ್‌ವರ್ಕ್."

"ಒಂದ ಮನಿ ಮಕ್ಕಳು, ಯಾರಿಗೆ ಹೊದಿಸಿದ್ರೇನವಾ?" ಎಂದರು ಅಧ್ಯಕ್ಷರು.

"ಹಂಗಿದ್ರ ನನಗ ಹೊದಸ್ರಿ."

ಎಲ್ಲರೂ ನಕ್ಕರು, ಅವರು ಮೈಕಿನ ಕಡೆ ತಿರುಗಿದರು. ನಾನು ಡಬ್ಬಿಯಿಂದ ಚುರಮರಿಯನ್ನೆಲ್ಲ ಸುರಿದು, ಇನ್ನೊಂದು ಹಪ್ಪಳವನ್ನಿಟ್ಟು, ಬಾಲ್ಕನಿಗೆ ಹೋಗಿ ಬಿಟ್ಟೆ. ಇಳಿದು ಬಂದು ಮುಚ್ಚಳ ತೆಗೆದಾಗ ಒಳಗೆ ಬರೀ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಅಧ್ಯಕ್ಷರ ಮುಂದೆ ಚಾಚಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಡಬ್ಬಿಯನ್ನೆತ್ತಿ ತಿರುಗಿಸಿ ನೋಡಿದಳು.

"ಎರಡ ಸಲ ಬಿದ್ರೂ ಏನೂ ಆಗಿಲ್ಲ ನೋಡ್ರಿ. ಏನ್ ಗಟ್ಟಿ ಮಾಡ್ಯಾನ ನನ್ನ ಮಗ."

ಮತ್ತೆ ಚಪ್ಪಾಳೆ.

ಚೀಲದಲ್ಲಿ ಉಳಿದಿದ್ದ ಚುರಮರಿಗೆ ನನ್ನವ್ವ ಆಗಲೇ ಒಗ್ಗರಣೆ ಹಾಕಿದ್ದಳು. ಮೊದಲ ತಟ್ಟೆಯನ್ನು ನನ್ನ ಕೈಗಿಟ್ಟು, "ಅಣ್ಣಗ ಕೊಟ್ಟ ಬಾ," ಎಂದಳು.

ಅವನೆದುರಿಗೆ ಹೋಗಿ ನಿಂತೆ. ಅವನು ಕೈ ಚಾಚಿದ. ನಾನು ಅಲ್ಲೇ ನಿಂತು, ಒಂದು ಕಾಳೂ ಬಿಡದೆ, ತಿಂದೆ.