ತಲೆಯ ಮೇಲೆ ತಡೆದ ಕೈ

ಸಂಜೆಯ ಜಪಮಾಲೆ ಮುಗಿದಿತ್ತು. ನಮ್ಮ ಕ್ರೈಸ್ತ ಮನೆಗಳ ರೂಢಿಯಂತೆ ಹಿರಿಯರ ಆಶೀರ್ವಾದ ಬೇಡಲು ಕೈಮುಗಿದು ತಲೆಬಾಗಿದೆ. ಅಮ್ಮನ ಅಣ್ಣ ಪಾಸ್ಕಲ್ ಮಾವನ ಕೈ ನನ್ನ ತಲೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಆಮೇಲೆ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ, ಮುಟ್ಟಿ ತೆಗೆದರು.

ಕಾರಣ ಅವರ ನೋಟ್‌ಬುಕ್. ಲೋಕಾಂತ್ಯಕ್ಕೆ ಮುಂಚೆ ಕ್ರಿಸ್ತವಿರೋಧಿ ಬರುತ್ತಾನೆ, ಹೆಸರಿನ ಅಕ್ಷರಗಳಿಗೆ ಅಂಕೆ ಕೊಟ್ಟು ಕೂಡಿಸಿದಾಗ ಆರುನೂರ ಅರವತ್ತಾರು ಬಂದರೆ ಅವನೇ ಎಂದು ಮಾವ ಯಾವುದೋ ವಿಡಿಯೋ ನೋಡಿ ನಂಬಿದ್ದರು. ನಾನು ಬಂಟ್ವಾಳದಿಂದ ಮೂಡುಬಿದಿರೆಯ ಅವರ ಮನೆಗೆ ತಲುಪಿದೊಡನೆ ಚಹಾಕ್ಕೂ ಮೊದಲು ಆ ನೋಟ್‌ಬುಕ್ಕನ್ನೇ ತೋರಿಸಿದ್ದರು. ಪುಟ ತುಂಬ ಕೂಡಿಸಿ ನೋಡಿದ ಹೆಸರುಗಳು: ಹೊರದೇಶದ ಅಧ್ಯಕ್ಷರು, ಕೋಟ್ಯಧಿಪತಿಗಳು, ಕೊನೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ನನಗೆ ನಗು ತಡೆಯಲಿಲ್ಲ.

"ನನ್ನ ಹೆಸರನ್ನೂ ಕೂಡಿಸಿ ನೋಡಿ ಮಾವ," ಎಂದಿದ್ದೆ.

ಮಾವ ನಗಲಿಲ್ಲ. ಪುಸ್ತಕ ಮುಚ್ಚಿ ಶಿಲುಬೆಯ ಕೆಳಗಿಟ್ಟರು. "ಮನೆಯವರದ್ದೆಲ್ಲ ಮೊದಲೇ ನೋಡಿ ಆಗಿದೆ. ಅವ ನಮ್ಮೊಳಗಿಂದಲೇ ಬರುವುದು ಅಂತ ಉಂಟಲ್ಲ. ನಿನ್ನದು ಎಷ್ಟು ಬಂತು ಅಂತ ಮಾತ್ರ ಕೇಳಬೇಡ ಮಾರಾಯ್ತಿ."

ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿ ಭಾನುವಾರದ ಪೂಜೆಗೆ ಇಗರ್ಜಿಗೆ ಕರೆದೊಯ್ದ ಮನುಷ್ಯ ಅವರು.

ಆ ಆಶೀರ್ವಾದವಾದ ಮೇಲೆ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ. ಹುಚ್ಚು ಲೆಕ್ಕ ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೂರಲಿಲ್ಲ. ಟಿಕೆಟಿನ ಹಿಂಬದಿಯಲ್ಲಿ ಮಾವನ ಅಂಕೆಗಳನ್ನೇ ಬರೆದು ಕೂಡಿಸತೊಡಗಿದೆ. ಸಿದ್ಧಕಟ್ಟೆ ದಾಟುವಾಗ ಪೆನ್ನು ನಿಂತಿತು. ನಾನು ಕೂಡಿಸುತ್ತಿದ್ದದ್ದು ನನ್ನ ಹೆಸರನ್ನಲ್ಲ, ಮಾವನ ಹೆಸರನ್ನು.