ಅಮ್ಮ ಸುಣ್ಣ ಬಳಿದ ಗೋಡೆ

ಆ ಮಳೆಗಾಲದಲ್ಲಿ ಮುಟ್ಟಳ್ಳಿಯ ಹಳ್ಳ ಉಕ್ಕಿ ನಮ್ಮ ಮನೆಯೊಳಗೆ ಎರಡು ದಿನ ಮೊಣಕಾಲುದ್ದ ನೀರು ನಿಂತಿತ್ತು. ನೀರೇನೋ ಇಳಿಯಿತು, ತೇವ ಇಳಿಯಲಿಲ್ಲ. ವಾರದೊಳಗೆ ಅಮ್ಮನ ಕೋಣೆಯ ಗೋಡೆಗೆ ಸೊಂಟದೆತ್ತರದವರೆಗೆ ಕಪ್ಪು ಬೂಷ್ಟು ಹತ್ತಿತು. ಅವಳಿಗೆ ಮೊದಲೇ ದಮ್ಮು. ಗೋಡೆ ಒಣಗದೆ ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದು ಭಟ್ಕಳದ ಡಾಕ್ಟರು ಹೇಳಿಬಿಟ್ಟರು. ಹಳೆ ಗಾರೆ ಕೆತ್ತಿ ಹೊಸದು ಹಾಕಿಸುವುದು ನನ್ನ ಮೇಷ್ಟರಿಕೆಯ ಸಂಬಳದಲ್ಲಿ ಆಗುವ ಮಾತಲ್ಲ. ಸಾಲ ಕೊಡುವಾಗ ಬ್ಯಾಂಕಿನವರು ಒತ್ತಾಯದಿಂದ ಮಾಡಿಸಿದ್ದ ಮನೆಯ ವಿಮೆಯೊಂದೇ ದಾರಿ.

ಅರ್ಜಿ ಹಾಕಿದೆ. ಹಾನಿ ನೋಡಿ ವರದಿ ಬರೆಯಲು ಕುಮಟೆಯಿಂದ ಸರ್ವೇಯರು ಬರಬೇಕು, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದು ಕಚೇರಿಯಲ್ಲಿ ನನಗೆ ಹೇಳಿದ್ದರು. ನಾನು ಅಮ್ಮನಿಗೆ ಹೇಳಿದ್ದು ಮಾತ್ರ, ಗುರುವಾರ ಸಾಹೇಬರೊಬ್ಬರು ಮನೆ ನೋಡಲು ಬರುತ್ತಾರೆ ಎಂದಷ್ಟೇ. ಮಕ್ಕಳಿಗೆ ಒಂದೇ ಪಾಠವನ್ನು ಹತ್ತು ಸಲ ಹೇಳುವವನು ಮನೆಯಲ್ಲಿ ಅರ್ಧ ಹೇಳಿ ತರಬೇತಿಗೆಂದು ಹೊನ್ನಾವರಕ್ಕೆ ಹೋದೆ.

ಗುರುವಾರ ಸರ್ವೇಯರು ಹೊನ್ನಾವರದಲ್ಲಿ ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ಮನೆಯ ಅಂಗಳದಲ್ಲೇ ಸುಣ್ಣದ ವಾಸನೆ. ಅಮ್ಮ ಮೂರು ದಿನ ಕೂತು, ಎದ್ದು, ದಮ್ಮು ಸುಧಾರಿಸಿಕೊಂಡು ಗೋಡೆಯನ್ನೆಲ್ಲ ತಿಕ್ಕಿ ತೊಳೆದು ಎರಡು ಸಲ ಸುಣ್ಣ ಬಳಿದಿದ್ದಳು. ಕೊಳೆತ ಹಾಸಿಗೆ ಬಚ್ಚಲ ಒಲೆ ಸೇರಿತ್ತು. ಬಂದವರಿಗೆ ಹೊಸ ಚಾಪೆ ಹಾಸಿ, ಅವಲಕ್ಕಿ, ಚಾ ತಂದಿಟ್ಟಳು.

ಸರ್ವೇಯರು ಒಳ್ಳೆಯವರೇ. ನೀರು ಬಂದದ್ದು ಸುಳ್ಳೆಂದು ತಾನು ಹೇಳುವುದಿಲ್ಲ, ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬಲ್ಲೆ ಎಂದರು. ಚಾ ಕುಡಿದು, ಬಿಳಿ ಗೋಡೆಯ ಫೋಟೋ ತೆಗೆದುಕೊಂಡು ಹೋದರು.

ನಾನು ಅಮ್ಮನ ಮೇಲೆ ಹರಿಹಾಯ್ದೆ. ಮುಟ್ಟಬಾರದಿತ್ತು, ಎಲ್ಲ ಹಾಳು ಮಾಡಿದೆ ಎಂದು ಕೂಗಾಡಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಮನೆಗೆ ಬರೋರಿಗೆ ಬೂಷ್ಟು ಹೆಂಗೆ ತೋರ್ಸೂದು ಮಗಾ?" ಎಂದಳು. ತಿಂಗಳ ಮೇಲೆ ಅರ್ಜಿ ತಿರಸ್ಕರಿಸಿದ ಕಾಗದ ಬಂತು.

ಮರುವರ್ಷ ಹಳ್ಳ ಉಕ್ಕಲಿಲ್ಲ. ಆದರೂ ಆಷಾಢದಲ್ಲಿ ಅದೇ ಗೋಡೆಗೆ ಮತ್ತೆ ಬೂಷ್ಟು ಬಂತು. ಒಂದು ಕಲೆ ಕಂಡರೂ ಸುಮ್ಮನಿರದ ಅಮ್ಮ ಈ ಸಲ ಅದರ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದಳು. ಕೈಲಾಗುತ್ತಿಲ್ಲ ಪಾಪ ಎಂದುಕೊಂಡು ನಾನೇ ಒರೆಸಹೋದರೆ ತಡೆದಳು.

"ಮುಟ್ಟಬೇಡ. ಸಾಹೇಬ್ರು ಬಂದು ನೋಡ್ಕಂಡು ಹೋಗ್ಲಿ."

ಬರೀ ತೇವಕ್ಕೆ ವಿಮೆಯಿಲ್ಲ, ಯಾವ ಸಾಹೇಬರೂ ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕೂಗಾಡಲು ಬಂದಿತ್ತು, ಇದಕ್ಕೆ ಬರಲಿಲ್ಲ. ನಾಳೆ ಹೇಳಿದರಾತು ಎಂದುಕೊಳ್ಳುತ್ತಲೇ ಮಳೆಗಾಲ ಕಳೆಯಿತು. ದೀಪಾವಳಿಗೆ ಅಮ್ಮ ಇರಲಿಲ್ಲ.

ಹದಿಮೂರನೆಯ ದಿನ ಮುಗಿದ ಮೇಲೆ ಒದ್ದೆ ಬಟ್ಟೆ ಹಿಡಿದು ಆ ಗೋಡೆ ಒರೆಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.