ಚಿಕ್ಕಣ್ಣನ ಓಲಾಟ, ನನ್ನ ಭಾಷಣ

ಕುಡಿಯದವನೊಬ್ಬನಿಂದ ‘ಇನ್ನು ಮುಂದೆ ಕುಡಿಯುವುದಿಲ್ಲ’ ಎಂದು ಸಾರ್ವಜನಿಕವಾಗಿ ಪ್ರಮಾಣ ಮಾಡಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಿದ್ದೇನೆ.

ಕಳೆದ ತಿಂಗಳು ಕುದೂರಿನಲ್ಲಿ ನಮ್ಮ ಮದ್ಯವಿರೋಧಿ ಸಭೆ. ಗುಡೇಮಾರನಹಳ್ಳಿಯಲ್ಲಿ ಊರವರ ಕುರಿ ಕಾಯುವ ಚಿಕ್ಕಣ್ಣ ಮುಂದೆ ಬಂದು, ಬ್ಯಾನರ್ ಓದಲು ಕತ್ತೆತ್ತಿದ. ಮರುಕ್ಷಣ ಓಲಾಡಿ, ಮೈಕ್ ಸ್ಟ್ಯಾಂಡನ್ನು ತಬ್ಬಿಕೊಂಡ.

“ಕುಡ್ದಿಲ್ಲ ಸಾ, ತಲೆ ಒಸಿ ಸುತ್ತುತೈತೆ.”

“ಬಂಧುಗಳೇ, ಪ್ರತಿಯೊಬ್ಬ ಕುಡುಕನ ಮೊದಲ ವಾಕ್ಯವೇ ಇದು!” ಎಂದೆ. (ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಷೀಲ್ಡ್ ಗೆದ್ದವನಿಗೆ ಖಂಡನೆ ಹೇಳಿಕೊಡಬೇಕೆ?) ಭಾರೀ ಚಪ್ಪಾಳೆ. ಕೈ ಮುಂದೆ ಚಾಚಿಸಿ ಪ್ರಮಾಣ ಮಾಡಿಸಿಯೇ ಬಿಟ್ಟೆ.

ವಾರದೊಳಗೆ ಅವನ ಹೆಂಡತಿ ಜಯಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು.

“ಕುಡುಕನ ಹಿಂದೆ ಕುರಿ ಕಳ್ಸಕಿಲ್ಲ ಅಂತ ಮೂರು ಮನೆಯೋರು ಹೊಡ್ಕೊಂಡು ಹೋದ್ರು ಸಾಮಿ. ನಮ್ಮೆಜಮಾನ್ರು ಹಾಸಿಗೇಲಿ ಮಗ್ಗುಲಾದ್ರೂ ಬೀಳ್ತೀನಿ ಅಂತ ಮಂಚ ಹಿಡ್ಕತಾರೆ. ನಿದ್ದೇಲಿ ಯಾವನು ಕುಡೀತಾನೆ?”

ಪರಿಚಯದ ವೈದ್ಯರೊಬ್ಬರಿಗೆ ಫೋನ್ ಮಾಡಿದೆ; ಮಗ್ಗುಲಾದಾಗ ತಲೆ ಸುತ್ತಿದರೆ ಮೊದಲು ಕಿವಿ ತೋರಿಸಿ ಎಂದರು.

ಮರುದಿನವೇ ಚಿಕ್ಕಣ್ಣನನ್ನು ರಾಮನಗರದ ಕಿವಿ ಡಾಕ್ಟರ ಬಳಿ ಕರೆದೊಯ್ದೆ. “ತಲೆ ಸುತ್ತಿದ್ರೆ ಕಿವಿ ಯಾಕ್ ನೋಡ್ತಾರೆ ಸಾ?” ಎಂದು ಬಸ್ಸಿನುದ್ದಕ್ಕೂ ಕೇಳಿದ. ಡಾಕ್ಟರು ಮೊದಲು ಹೆಡ್‌ಫೋನ್ ಹಾಕಿ ಶ್ರವಣ ಪರೀಕ್ಷಿಸಿದರು. ಅತಿ ಸಣ್ಣ ಸದ್ದಿಗೂ ಬಟನ್ ಒತ್ತಿದ. ಪೊದೆಯಾಚೆಯ ಕುರಿಮರಿಯ ಉಸಿರು ಹಿಡಿಯುವ ಕಿವಿಯಲ್ಲವೇ? ಅನಂತರ ಮಂಚದ ಮೇಲೆ ಕೂರಿಸಿ, ಕತ್ತನ್ನು ಬಲಕ್ಕೆ ತಿರುಗಿಸಿ, ತಲೆ ಅಂಚಿನಿಂದ ಕೆಳಗೆ ಜೋಲುವಂತೆ ದಡಕ್ಕನೆ ಮಲಗಿಸಿದರು.

“ಅಯ್ಯಪ್ಪೋ, ಹಿಡ್ಕಳಿ ಸಾ, ಬಿಲ್ಡಿಂಗೇ ತಿರುಗ್ತೈತೆ!”

“ಕಣ್ಣು ನೋಡಿ,” ಎಂದರು ಡಾಕ್ಟರು. ಗುಡ್ಡೆಗಳು ತಾವಾಗಿಯೇ ಹೊರಳುತ್ತಿದ್ದವು. ಒಳಗಿವಿಯಲ್ಲಿ ಮರಳಿನಂಥ ಹರಳುಗಳು ಜಾಗ ತಪ್ಪಿ ಜಾರಿವೆಯಂತೆ. ತಲೆಯನ್ನು ಹಂತಹಂತವಾಗಿ ಹೊರಳಿಸಿ, ಎಬ್ಬಿಸಿ ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಣ್ಣ ಅಂಜುತ್ತ ಮೇಲೆ ನೋಡಿದ. ಫ್ಯಾನ್ ಮಾತ್ರ ತಿರುಗುತ್ತಿತ್ತು.

“ಈಗ ಪ್ರಮಾಣ ವಾಪಸ್ ತಗಳಿ ಸಾ. ಅದೇ ಮೈಕಲ್ಲಿ.”

ಪೇಚಿಗೆ ಸಿಕ್ಕಿದೆ. ಮದ್ಯವಿರೋಧಿ ವೇದಿಕೆಯಲ್ಲಿ ಪ್ರಮಾಣ ಹಿಂಪಡೆದರೆ ಕುಡಿಯಲು ಅನುಮತಿಯಿತ್ತಂತೆ ಆಗುವುದಿಲ್ಲವೇ? ಬಸ್ಸಿನಲ್ಲಿ ಈ ವಾದವನ್ನು ಸವಿಸ್ತಾರವಾಗಿ ಮಂಡಿಸಿದೆ.

“ಅದೆಲ್ಲ ನಂಗೊತ್ತಿಲ್ಲ ಸಾ. ಹೋದ ಕುರಿ ವಾಪಸ್ ಬರ್ಬೇಕು, ಅಷ್ಟೇಯ.”

ಭಾನುವಾರ ಅದೇ ಮೈಕಿನ ಮುಂದೆ ತಪ್ಪೊಪ್ಪಿಕೊಂಡೆ. ಚಪ್ಪಾಳೆ ಬರಲಿಲ್ಲ, ಎರಡು ಮನೆಯ ಕುರಿಗಳು ಬಂದವು. ಮೂರನೆಯ ಮನೆಯ ಯಜಮಾನರು ಮಾತ್ರ ನಕ್ಕರು: “ನಿಮ್ಮ ಮೊದಲ್ನೇ ಭಾಷಣವೇ ಚೆಂದಾಗಿತ್ತು ಸಾ. ನಾವು ಅದನ್ನೇ ನಂಬ್ತೀವಿ.”

ಚಿಕ್ಕಣ್ಣನ ಕಿವಿಯ ಹರಳುಗಳನ್ನೇನೋ ಡಾಕ್ಟರು ಸ್ವಸ್ಥಾನಕ್ಕೆ ಸೇರಿಸಿದರು. ಈ ಯಜಮಾನರ ಕಿವಿಗೆ ನಾನು ತುಂಬಿದ್ದನ್ನು ಯಾವ ಡಾಕ್ಟರು ತೆಗೆಯುತ್ತಾರೆ?